ಪ್ರಯಾಣಕ್ಕೆ ಮಡಚುವ ತೊಟ್ಟಿಲು: ಕೊಳ್ಳುವ ಮುನ್ನ ನೋಡಬೇಕಾದದ್ದು

ಬಾಣಂತನ ಮುಗಿಸಿಕೊಂಡು ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ತವರಿನಿಂದ ಗಂಡನ ಮನೆಗೆ ಹೊರಡುವುದೇ ನಮ್ಮಲ್ಲಿ ಅನೇಕ ಮಕ್ಕಳ ಮೊದಲ ದೊಡ್ಡ ಪ್ರಯಾಣ. ಆಮೇಲೆ ನೆಂಟರ ಮದುವೆ, ಮನೆದೇವರಿಗೆ ಮುಡಿ ಕೊಡುವುದು, ಬೇಸಿಗೆ ರಜೆ ಎಂದು ಓಡಾಟ ಬೆಳೆಯುತ್ತದೆ. ಹೊರದೇಶದಲ್ಲಿ ನೆಲೆಸಿದವರಿಗೆ ಊರಿಗೆ ಬಂದು ಹೋಗುವ ಪ್ರಯಾಣವೂ ಅದಕ್ಕೆ ಸೇರಿಕೊಳ್ಳುತ್ತದೆ. ಹೋದ ಮನೆಯಲ್ಲಿ ಕೂಸನ್ನು ಮಲಗಿಸಲು ಸಾಮಾನ್ಯವಾಗಿ ಸಿಗುವುದು ದೊಡ್ಡವರ ಮಂಚ, ಅದರ ಎರಡೂ ಬದಿಗೆ ಒಡ್ಡಿದ ದಿಂಬುಗಳು. ಮಗು ಉರುಳಿ ಬೀಳದಿರಲೆಂದು ಇಟ್ಟ ಆ ದಿಂಬೇ ಅದರ ಮೂಗು ಬಾಯಿಗೆ ಒತ್ತಿಕೊಳ್ಳಬಹುದು. ತಲೆ ಹೊರಳಿಸಿ ಬಿಡಿಸಿಕೊಳ್ಳುವ ಶಕ್ತಿ ಎಳೆಯ ಕೂಸಿಗೆ ಇರುವುದಿಲ್ಲ. ಆದ್ದರಿಂದ ವರ್ಷದಲ್ಲಿ ಎರಡು ಮೂರು ಸಲವಾದರೂ ಊರೂರು ತಿರುಗುವ ಮನೆಯವರು ಮಡಚಿ ಒಯ್ಯಬಲ್ಲ ತೊಟ್ಟಿಲನ್ನು ಕೊಳ್ಳುವುದು ದುಂದಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಕೊಳ್ಳುವಾಗ ನೋಡಬೇಕಾದದ್ದು ಅದರ ಮೆತ್ತೆಯನ್ನಲ್ಲ, ಬಣ್ಣವನ್ನೂ ಅಲ್ಲ; ಅದರ ತಳವನ್ನು ಮತ್ತು ಕೀಲುಗಳನ್ನು.

ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಟ್ರಾವೆಲ್ ಕಾಟ್, ಪ್ಲೇಯಾರ್ಡ್, ಪ್ಲೇಪೆನ್ ಎಂಬ ಹೆಸರುಗಳು ಒಂದಕ್ಕೊಂದು ಬೆರೆತು ಬರುತ್ತವೆ. ನಾನು ಇಲ್ಲಿ ಹೇಳುತ್ತಿರುವುದು ಲೋಹದ ಚೌಕಟ್ಟು, ನಾಲ್ಕೂ ಬದಿಗೆ ಗಾಳಿಯಾಡುವ ಬಲೆ, ಸಮತಟ್ಟಾದ ಗಟ್ಟಿ ತಳ ಮತ್ತು ಅದರದೇ ತೆಳು ಹಾಸಿಗೆ ಇರುವ ತೊಟ್ಟಿಲನ್ನು ಕುರಿತು. ಇವುಗಳ ಪಕ್ಕದಲ್ಲೇ ಮಾರಾಟಕ್ಕಿರುವ, ಸುತ್ತಲೂ ಮೆತ್ತನೆಯ ಅಂಚಿರುವ ಬೇಬಿ ನೆಸ್ಟ್ ಈ ಕೆಲಸಕ್ಕೆ ಒದಗುವುದಿಲ್ಲ. ತಲೆಯ ಭಾಗ ಎತ್ತರವಾಗಿ ಇಳಿಜಾರಿರುವ ರಾಕರ್‌ಗಳಂತೂ ನಿದ್ದೆಗೆ ಸರ್ವಥಾ ಸಲ್ಲ: ಇಳಿಜಾರಿನಲ್ಲಿ ಮಗುವಿನ ಗಲ್ಲ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಫಿಷರ್ ಪ್ರೈಸ್ ಕಂಪನಿಯು ತನ್ನ ರಾಕ್ ಎನ್ ಪ್ಲೇ ಎಂಬ ಇಂಥ ಸುಮಾರು 47 ಲಕ್ಷ ಸಾಧನಗಳನ್ನು 2019ರ ಏಪ್ರಿಲ್‌ನಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಹತ್ತು ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಶಿಶು ಮಲಗುವ ಸಾಧನಗಳನ್ನೂ, ತೊಟ್ಟಿಲ ಒಳಬದಿಗೆ ಕಟ್ಟುವ ಮೆತ್ತೆಪಟ್ಟಿಗಳನ್ನೂ ಅಮೆರಿಕವು 2022ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಅಲ್ಲಿ ನಿಷೇಧವಾದ ಬಗೆಯ ವಸ್ತು ಇಲ್ಲಿ ರಿಯಾಯಿತಿ ದರದಲ್ಲಿ ಕಣ್ಣಿಗೆ ಬಿದ್ದರೆ ಕೈಹಾಕಬೇಡಿ.

ಮೊದಲು ಕೀಲುಗಳ ವಿಚಾರ. ಈ ತೊಟ್ಟಿಲಿನ ಮೇಲಂಚಿನ ಪ್ರತಿಯೊಂದು ಕಂಬಿಯೂ ನಡುವೆ ಮಡಚಿಕೊಳ್ಳುವಂತಿರುತ್ತದೆ, ನೆಟ್ಟಗಾದಾಗ ಕಟಕ್ ಎಂಬ ಸದ್ದಿನೊಡನೆ ಲಾಕ್ ಆಗುತ್ತದೆ. ನಾನು ನಮ್ಮ ಮಗುವಿನ ತೊಟ್ಟಿಲನ್ನು ಮೊದಲ ಸಲ ಜೋಡಿಸಿದ್ದು ಮದುವೆಮನೆಯೊಂದರಲ್ಲಿ. ಮೂರು ಸದ್ದು ಸ್ಪಷ್ಟವಾಗಿ ಕೇಳಿಸಿತು. ನಾಲ್ಕನೆಯದು ಗದ್ದಲದಲ್ಲಿ ಕೇಳಿಸದೆ ಹೋಗಿರಬೇಕು ಎಂದುಕೊಂಡು ಹಾಸಿಗೆಯನ್ನೂ ಹಾಸಿದೆ. ಮಗುವಿನ ಟೋಪಿ ಎತ್ತಿಕೊಳ್ಳಲು ಬಾಗಿದಾಗ ಮೊಣಕೈ ಆ ನಾಲ್ಕನೆಯ ಅಂಚಿನ ನಡುವೆ ಊರಿತು; ಕಂಬಿ ಯಾವ ಸದ್ದೂ ಇಲ್ಲದೆ ಒಳಕ್ಕೆ ಕುಸಿದು ಇಂಗ್ಲಿಷಿನ ವಿ ಅಕ್ಷರದ ಹಾಗೆ ಬಾಗಿ ನಿಂತಿತು. ಮಗು ಇನ್ನೂ ಅತ್ತೆಯವರ ತೊಡೆಯ ಮೇಲಿತ್ತು ಎಂಬುದಷ್ಟೇ ಸಮಾಧಾನ.

ಆ ವಿ ಆಕಾರಕ್ಕೆ ಒಂದು ಚರಿತ್ರೆಯೇ ಇದೆ. 1998ರ ಮೇ ತಿಂಗಳಲ್ಲಿ ಷಿಕಾಗೋ ನಗರದಲ್ಲಿ ಡ್ಯಾನಿ ಕೈಸರ್ ಎಂಬ, ಒಂದೂವರೆ ವರ್ಷವೂ ತುಂಬದ ಮಗುವನ್ನು ಅದರ ಆರೈಕೆಯ ಮನೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಮಡಚುವ ತೊಟ್ಟಿಲಲ್ಲಿ ಮಲಗಿಸಲಾಗಿತ್ತು. ಕಂಬಿಗಳು ಕುಸಿದು ಮಗುವಿನ ಕುತ್ತಿಗೆ ಆ ಸಂದಿಯಲ್ಲಿ ಸಿಕ್ಕಿಕೊಂಡಿತು. ಪ್ಲೇಸ್ಕೂಲ್ ಟ್ರಾವೆಲ್ ಲೈಟ್ ಎಂಬ ಆ ತೊಟ್ಟಿಲನ್ನು ಐದು ವರ್ಷ ಹಿಂದೆಯೇ, 1993ರಲ್ಲಿ, ಅಪಾಯಕಾರಿಯೆಂದು ಹಿಂದಕ್ಕೆ ಕರೆಯಲಾಗಿತ್ತು; ಆ ಸುದ್ದಿ ಬಳಸುವವರನ್ನು ತಲುಪಿರಲಿಲ್ಲ. ಮಗುವಿನ ತಂದೆ ತಾಯಿ, ಷಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಬೋಅಜ್ ಕೈಸರ್ ಮತ್ತು ಲಿಂಡಾ ಗಿನ್ಜೆಲ್, ಕಿಡ್ಸ್ ಇನ್ ಡೇಂಜರ್ ಎಂಬ ಸಂಸ್ಥೆಯನ್ನು ಕಟ್ಟಿದರು. 2008ರ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯಿದೆಯ ಒಂದು ಭಾಗಕ್ಕೆ ಡ್ಯಾನಿಯ ಹೆಸರೇ ಇದೆ. ಅದರ ಫಲವಾಗಿಯೇ ಅಲ್ಲಿ ಮಾರುವ ಪ್ರತಿ ತೊಟ್ಟಿಲಿನೊಡನೆ ನೋಂದಣಿ ಕಾರ್ಡ್ ಕೊಡುವುದು ಕಡ್ಡಾಯವಾಯಿತು, ಮಡಚುವ ತೊಟ್ಟಿಲುಗಳಿಗೆ 2013ರಿಂದ ಕಡ್ಡಾಯ ಮಾನದಂಡ ಜಾರಿಗೆ ಬಂತು. ಅಮೆರಿಕದಲ್ಲಿ ಕೊಳ್ಳುವ ಕನ್ನಡಿಗರು ಆ ಕಾರ್ಡನ್ನು ಪೆಟ್ಟಿಗೆಯೊಡನೆ ಬಿಸಾಡದೆ ತುಂಬಿ ಕಳಿಸಬೇಕು. ನಾಳೆ ಆ ಮಾದರಿಯನ್ನು ಹಿಂದಕ್ಕೆ ಕರೆದರೆ ನಿಮಗೆ ತಿಳಿಸಲು ಕಂಪನಿಗೆ ಇರುವುದು ಆ ವಿಳಾಸವೇ.

ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯಲ್ಲಿ ತೊಟ್ಟಿಲನ್ನು ನೀವೇ ಬಿಚ್ಚಿ ನಿಲ್ಲಿಸಿ, ನೀವೇ ಮಡಚಿ ನೋಡಿ. ಮಾರುವವರು ಜೋಡಿಸಿ ತೋರಿಸಿದರೆ ಸಾಲದು. ಹೆಚ್ಚಿನ ಮಾದರಿಗಳಲ್ಲಿ ಕ್ರಮ ಹೀಗಿರುತ್ತದೆ: ತಳದ ನಡುಭಾಗ ಇನ್ನೂ ಮೇಲೆದ್ದಿರುವಾಗಲೇ ನಾಲ್ಕೂ ಅಂಚುಗಳನ್ನು ಒಂದೊಂದಾಗಿ ಎತ್ತಿ ಲಾಕ್ ಮಾಡಬೇಕು, ಆಮೇಲೆ ನಡುವಿನ ಗುಬ್ಬಿಯನ್ನು ಕೆಳಕ್ಕೆ ಒತ್ತಬೇಕು. ಅವಸರದಲ್ಲಿ ತಳವನ್ನೇ ಮೊದಲು ಒತ್ತಿದವರಿಗೆ ಅಂಚು ಎಷ್ಟು ಎಳೆದರೂ ನಿಲ್ಲುವುದಿಲ್ಲ. ಮಡಚುವಾಗ ಇದು ತಿರುಗುಮುರುಗು. ನಿಂತ ಮೇಲೆ ಪ್ರತಿ ಕಂಬಿಯ ನಡುವೆ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಬೇಕು. ಈ ಪರೀಕ್ಷೆ ಅಂಗಡಿಗೆ ಮಾತ್ರವಲ್ಲ, ಹೋದ ಊರಿನಲ್ಲಿ ಪ್ರತಿ ರಾತ್ರಿಗೂ ಅನ್ವಯಿಸುತ್ತದೆ.

ಇನ್ನು ತಳ. ಮಡಚುವ ತೊಟ್ಟಿಲಿನ ಹಾಸಿಗೆಯನ್ನು ಮೊದಲ ಬಾರಿಗೆ ಮುಟ್ಟಿದವರೆಲ್ಲ ಮೋಸ ಹೋದೆವೆಂದೇ ತಿಳಿಯುತ್ತಾರೆ, ಏಕೆಂದರೆ ಅದು ಒಂದು ಅಂಗುಲದಷ್ಟು ತೆಳ್ಳಗೆ, ಹಲಗೆಯಷ್ಟು ಗಟ್ಟಿಯಾಗಿರುತ್ತದೆ. “ಎಳೇ ಕೂಸನ್ನ ಹಲಗೆ ಮೇಲೆ ಮಲಗಿಸ್ತೀಯೇನೇ?” ಎಂದು ನಮ್ಮ ಅಜ್ಜಿ ಕೇಳಿದ್ದು ಇದನ್ನು ನೋಡಿಯೇ. ಅವರು ಪ್ರೀತಿಯಿಂದ ತಂದದ್ದು ನಾಲ್ಕು ಮಡಿಕೆಯ ಕೌದಿ. ಮೆತ್ತಗಿದ್ದಷ್ಟೂ ಮಗುವಿಗೆ ಹಿತ ಎಂಬುದು ನಮ್ಮ ಮನೆಗಳ ನಂಬಿಕೆ. ಈ ತೊಟ್ಟಿಲ ಮಟ್ಟಿಗೆ ಅದು ತಿರುಗುಬಾಣ. ಮರದ ತೊಟ್ಟಿಲಿನ ಬದಿ ಗಟ್ಟಿ, ಒತ್ತಿದರೆ ಜರುಗುವುದಿಲ್ಲ. ಬಲೆಯ ಬದಿ ಹಾಗಲ್ಲ: ದಪ್ಪ ಹಾಸಿಗೆ ಹಾಕಿದಾಗ ಮಗು ಅಂಚಿಗೆ ಉರುಳಿದರೆ ಅದರ ಭಾರಕ್ಕೆ ಬಲೆ ಹೊರಕ್ಕೆ ಉಬ್ಬಿ, ಹಾಸಿಗೆಗೂ ಬಲೆಗೂ ನಡುವೆ ಜೇಬಿನಂಥ ಸಂದಿ ಬಾಯ್ತೆರೆಯುತ್ತದೆ, ಅದರೊಳಗೆ ಮಗುವಿನ ಮುಖ ಇಳಿಯುತ್ತದೆ. ಹಾಸಿಗೆ ತೆಳ್ಳಗಿದ್ದರೆ ಆ ಜೇಬಿಗೆ ಆಳವೇ ಇರುವುದಿಲ್ಲ. ತಯಾರಕರು ಜಿಪುಣತನದಿಂದ ತೆಳುಮಾಡಿದ್ದಲ್ಲ, ಮಾನದಂಡವೇ ಹಾಗೆ ಹೇಳುತ್ತದೆ. ಹಾಗಾಗಿ ತೊಟ್ಟಿಲಿನೊಡನೆ ಬಂದ ಹಾಸಿಗೆಯನ್ನಷ್ಟೇ ಬಳಸಬೇಕು. “ಇದಕ್ಕೆ ಸರಿಹೊಂದುವ ಮೃದು ಹಾಸಿಗೆ” ಎಂದು ಬೇರೆಯಾಗಿ ಮಾರುವುದನ್ನು ಕೊಳ್ಳಲೇಬಾರದು. ಹಾಸಿಗೆಗೆ ಬಿಗಿಯಾಗಿ ಕೂರುವ ಒಂದು ಹೊದಿಕೆ ಸಾಕು.

ಅದೇ ಕಾರಣಕ್ಕೆ ತಲೆಯ ಆಕಾರಕ್ಕೆಂದು ಇಡುವ ಸಾಸಿವೆ ದಿಂಬು, ದುಪ್ಪಟಿ, ಗೊಂಬೆ ಯಾವುದೂ ಒಳಗಿರಕೂಡದು. ಮಗುವನ್ನು ಪ್ರತಿ ನಿದ್ದೆಗೂ ಅಂಗಾತ ಮಲಗಿಸಬೇಕು, ಒಂದು ವರ್ಷ ತುಂಬುವ ತನಕವೂ. ಕುತ್ತಿಗೆಗೆ ಕಟ್ಟಿದ ದೃಷ್ಟಿದಾರವನ್ನು ಮಲಗಿಸುವಾಗ ತೆಗೆದಿಡುವುದು ಕ್ಷೇಮ, ಅದು ಬಲೆಗೋ ಕೀಲಿಗೋ ಸಿಕ್ಕಿಕೊಳ್ಳಬಹುದು. ಹಿರಿಯರಿಗೆ ಇದನ್ನು ಹೇಳುವುದು ತೊಟ್ಟಿಲು ಆರಿಸುವುದಕ್ಕಿಂತ ಕಷ್ಟದ ಕೆಲಸವೆಂಬುದನ್ನು ನಾನು ಬಲ್ಲೆ. ಕೌದಿಯನ್ನು ಬೇಡವೆನ್ನದೆ, ಎಚ್ಚರವಿದ್ದಾಗ ಕೂಸನ್ನು ನೆಲದ ಮೇಲೆ ಬೋರಲು ಮಲಗಿಸಿ ಆಡಿಸಲು ಅದನ್ನೇ ಹಾಸಿದೆವು, ಅಜ್ಜಿಗೂ ಸಂತೋಷವಾಯಿತು.

ಬಲೆಯನ್ನು ಬೆಳಕಿಗೆ ಹಿಡಿದು ನೋಡಿ. ರಂಧ್ರಗಳು ಕಾಲು ಅಂಗುಲಕ್ಕಿಂತ, ಅಂದರೆ ಆರು ಮಿಲಿಮೀಟರಿಗಿಂತ ಸಣ್ಣದಾಗಿರಬೇಕು. ಮಗುವಿನ ಬೆರಳಾಗಲಿ ಅಂಗಿಯ ಗುಂಡಿಯಾಗಲಿ ಅದರಲ್ಲಿ ಸಿಕ್ಕಬಾರದು. ಹೊಲಿಗೆ ಬಿಟ್ಟಿರಬಾರದು, ಬಲೆ ಮೇಲಂಚಿಗೂ ತಳಕ್ಕೂ ಭದ್ರವಾಗಿ ಅಂಟಿರಬೇಕು. ಮೇಲಂಚಿನ ರೆಕ್ಸಿನ್ ಹೊದಿಕೆ ಹರಿದಿದ್ದರೆ ಹಲ್ಲು ಬರುತ್ತಿರುವ ಮಗು ಅದನ್ನು ಕಚ್ಚಿ ಚೂರು ನುಂಗುತ್ತದೆ. ಮಾನದಂಡದ ಗುರುತನ್ನು ಪೆಟ್ಟಿಗೆಯ ಚಿತ್ರದಲ್ಲಲ್ಲ, ತೊಟ್ಟಿಲಿಗೇ ಹೊಲಿದ ಅಥವಾ ಅಂಟಿಸಿದ ಚೀಟಿಯಲ್ಲಿ ಹುಡುಕಬೇಕು: ಅಮೆರಿಕದ್ದಾದರೆ ಎಎಸ್‌ಟಿಎಂ ಎಫ್ 406, ಯುರೋಪ್ ಮತ್ತು ಬ್ರಿಟನ್‌ನದ್ದಾದರೆ ಇಎನ್ 716. ಜೊತೆಗೆ ಮಾದರಿ ಸಂಖ್ಯೆಯೂ ತಯಾರಾದ ತಿಂಗಳು, ವರ್ಷವೂ ಇರಬೇಕು. ಅವೇ ಇಲ್ಲದ ತೊಟ್ಟಿಲು ಎಷ್ಟೇ ಚೆಂದವಿದ್ದರೂ ನಾನಂತೂ ಕೊಳ್ಳಲಾರೆ.

ಅನೇಕ ತೊಟ್ಟಿಲುಗಳಿಗೆ ಮೇಲ್ಭಾಗದಲ್ಲಿ ತೂಗುಹಾಕುವ ಬ್ಯಾಸಿನೆಟ್ ಎಂಬ ಎತ್ತರದ ತಳವೂ ಬರುತ್ತದೆ. ಸಿಸೇರಿಯನ್ ಆದ ತಾಯಿಗೆ ಬಾಗುವ ಕಷ್ಟ ತಪ್ಪುವುದರಿಂದ ಅದು ಮೊದಲ ತಿಂಗಳುಗಳಲ್ಲಿ ಉಪಕಾರಿಯೇ. ಆದರೆ ಅದರ ಮಿತಿ ಸಾಮಾನ್ಯವಾಗಿ 6.8 ಕೆ.ಜಿ.; ಅದಕ್ಕೂ ಮೊದಲೇ ಮಗು ಕೈಯೂರಿ ಏಳಲು ಅಥವಾ ಹೊರಳಲು ತೊಡಗಿದರೆ ಆ ದಿನವೇ ಅದನ್ನು ತೆಗೆದು ಕೆಳಗಿನ ತಳಕ್ಕೆ ಇಳಿಸಬೇಕು. ಬ್ಯಾಸಿನೆಟ್ ಅಥವಾ ಬಟ್ಟೆ ಬದಲಿಸುವ ತಟ್ಟೆಯನ್ನು ಮೇಲೆ ಬಿಟ್ಟು ಮಗುವನ್ನು ಅದರಡಿ ಮಲಗಿಸುವುದು ಅತ್ಯಂತ ಅಪಾಯ, ಏಳಲು ಹೋದ ಮಗುವಿನ ಕುತ್ತಿಗೆ ಅದರ ಅಂಚಿಗೂ ಕಂಬಿಗೂ ನಡುವೆ ಸಿಕ್ಕಿಬಿಡುತ್ತದೆ.

ತೂಕ ಮತ್ತು ಅಳತೆ ಪ್ರಯಾಣದ ಬಗೆಯನ್ನು ಅವಲಂಬಿಸಿದ ಮಾತು. ಸಾಮಾನ್ಯ ಮಾದರಿಗಳು ಹತ್ತು ಕೆ.ಜಿ. ಆಸುಪಾಸು ತೂಗುತ್ತವೆ, ಹಗುರವಾದವು ಆರು ಕೆ.ಜಿ.ಗೆ ಸಿಗುತ್ತವೆ, ಬೆಲೆ ಮಾತ್ರ ಹಗುರವಲ್ಲ. ಸ್ವಂತ ಕಾರಿನಲ್ಲಿ ಹೋಗುವವರಿಗೆ ಹತ್ತು ಕೆ.ಜಿ. ಹೊರೆಯಲ್ಲ. ಬಸ್ಸು, ರೈಲು ಹತ್ತಿಳಿಯುವವರು ಒಂದು ಕೈಯಲ್ಲಿ ಮಗು ಇರುತ್ತದೆಂಬುದನ್ನು ನೆನೆದು ಲೆಕ್ಕ ಹಾಕಬೇಕು. ವಿಮಾನದಲ್ಲಾದರೆ ಮಡಚಿದ ಚೀಲದ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ದಾಟದಿರುವುದು ಒಳ್ಳೆಯದು, ಹಲವು ಕಂಪನಿಗಳ ಲಗೇಜ್ ಮಿತಿ ಅದೇ. ಮಗುವಿನ ತೊಟ್ಟಿಲನ್ನು ಹೆಚ್ಚುವರಿ ಶುಲ್ಕವಿಲ್ಲದೆ ಒಯ್ಯಬಹುದೇ ಎಂದು ಟಿಕೆಟ್ ಮಾಡಿಸುವಾಗಲೇ ಕೇಳಿ. ಚಲಿಸುವ ವಾಹನದಲ್ಲಿ ಇದನ್ನು ಬಿಚ್ಚಿ ಮಗುವನ್ನು ಮಲಗಿಸುವಂತಿಲ್ಲ. ಕಾರಿನಲ್ಲಿ ಮಗುವಿನ ಜಾಗ ಕಾರ್ ಸೀಟು. ಬಿಚ್ಚಿದಾಗ ಇದಕ್ಕೆ ಸುಮಾರು 70 ಸೆಂ.ಮೀ. ಅಗಲ, 100 ಸೆಂ.ಮೀ. ಉದ್ದದ ಜಾಗ ಬೇಕು. ಹೋಗುವ ಮನೆಯ ಕೋಣೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಎಷ್ಟು ಜಾಗವಿದೆಯೆಂದು ಫೋನಿನಲ್ಲೇ ಅಳತೆ ತರಿಸಿಕೊಳ್ಳಿ; ಮೊದಲ ಆರು ತಿಂಗಳಾದರೂ ಮಗು ತಂದೆ ತಾಯಿ ಮಲಗುವ ಕೋಣೆಯಲ್ಲೇ ಮಲಗಬೇಕು, ಜಾಗವಿಲ್ಲವೆಂದು ನಡುಮನೆಗೆ ಸಾಗಿಸುವಂತಾಗಬಾರದು. ಕಿಟಕಿಯ ಪರದೆಯ ದಾರ, ಫೋನ್ ಚಾರ್ಜರಿನ ವೈರು, ಗೋಡೆಗೆ ತೂಗುಹಾಕಿದ ಬಟ್ಟೆ ಮಗುವಿನ ಕೈಗೆಟುಕದಷ್ಟು ದೂರ ಇಡಿ.

ನಮ್ಮ ಊರುಗಳಲ್ಲಿ ಸೊಳ್ಳೆಯ ವಿಚಾರ ಬಿಡುವಂತಿಲ್ಲ. ಅದೇ ತಯಾರಕರು ಅದೇ ಮಾದರಿಗೆಂದು ಮಾಡಿದ, ಅಂಚಿನ ಸುತ್ತ ಬಿಗಿಯಾಗಿ ಕೂರುವ ಪರದೆಯಿದ್ದರೆ ಅದನ್ನು ಕೊಳ್ಳಿ. ದೊಡ್ಡವರ ಪರದೆಯನ್ನು ಮೇಲಿನಿಂದ ಹೊದಿಸಿದರೆ ಅದು ಜೋಲುಬಿದ್ದು ಮುಖದ ಮೇಲೆ ಇಳಿಯುತ್ತದೆ, ಕುಳಿತುಕೊಳ್ಳಲು ಕಲಿತ ಮಗು ಅದನ್ನು ಎಳೆದು ಸುತ್ತಿಕೊಳ್ಳುತ್ತದೆ. ಇಡೀ ಕೋಣೆಯ ಕಿಟಕಿಗೆ ಜಾಲರಿ ಇರುವುದಾದರೆ ಅದಕ್ಕಿಂತ ಉತ್ತಮವಾದದ್ದಿಲ್ಲ.

ಹಳೆಯ ತೊಟ್ಟಿಲನ್ನು ನೆಂಟರಿಂದ ಪಡೆಯುವುದು ತಪ್ಪಲ್ಲ, ಮಾದರಿ ಸಂಖ್ಯೆಯನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ (ಸಿಪಿಎಸ್‌ಸಿ) ಜಾಲತಾಣದಲ್ಲಿ ಹಾಕಿ ಹಿಂದಕ್ಕೆ ಕರೆದ ಪಟ್ಟಿಯಲ್ಲಿ ಅದಿಲ್ಲವೆಂದು ಖಚಿತಪಡಿಸಿಕೊಂಡರೆ. ಹೋಟೆಲಿನವರು ಕೊಡುವ ತೊಟ್ಟಿಲಿಗೂ ಮೇಲೆ ಹೇಳಿದ ಒತ್ತುವ ಪರೀಕ್ಷೆ ಮಾಡಿ; ಹಾಸಿಗೆಯ ಕೆಳಗೆ ಮತ್ತೊಂದು ಹಾಸಿಗೆ ತುರುಕಿದ್ದರೆ ಸಂಕೋಚಪಡದೆ ತೆಗೆಸಿ. ಅಜ್ಜಿಮನೆಯ ಅಟ್ಟದಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲೇ ಇದ್ದರೆ ಆಸೆಯಾಗುವುದು ಸಹಜ. ನಾಮಕರಣದ ದಿನದ ಶಾಸ್ತ್ರಕ್ಕೆ ಅದಕ್ಕಿಂತ ಸೊಗಸಾದದ್ದಿಲ್ಲ. ರಾತ್ರಿಯ ನಿದ್ದೆಗೆ ಬಳಸುವ ಮುನ್ನ ಕಡ್ಡಿಗಳ ನಡುವಿನ ಸಂದಿಯನ್ನು ಅಳೆಯಿರಿ, ಆರು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುವ ಭಯವಿದೆ. ಸೀರೆ ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತುವುದರಿಂದ, ಯಾರೂ ಪಕ್ಕದಲ್ಲಿರದೆ ರಾತ್ರಿಯಿಡೀ ಅದರಲ್ಲಿ ಬಿಡಬಾರದು.

ಹೊಸ ತೊಟ್ಟಿಲನ್ನು ಹೊರಡುವ ಒಂದು ವಾರ ಮೊದಲೇ ಮನೆಯಲ್ಲಿ ಬಿಚ್ಚಿ ಗಾಳಿಗಿಡಿ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೋಗುತ್ತದೆ, ಮಗುವೂ ಎರಡು ಮೂರು ನಿದ್ದೆ ಅದರಲ್ಲೇ ಮಾಡಿ ಹೊಂದಿಕೊಳ್ಳುತ್ತದೆ. ಮಳೆಗಾಲದ ಮಲೆನಾಡಿನಿಂದಲೋ ಕರಾವಳಿಯಿಂದಲೋ ಮರಳಿದ ಮೇಲೆ ಚೀಲದಲ್ಲೇ ಬಿಡದೆ ಬಿಸಿಲಿಗೆ ಒಣಗಿಸಬೇಕು, ಇಲ್ಲದಿದ್ದರೆ ಮುಂದಿನ ಪ್ರಯಾಣದ ಹೊತ್ತಿಗೆ ತಳದ ಬಟ್ಟೆಗೆ ಬೂಷ್ಟು ಹಿಡಿದಿರುತ್ತದೆ. ಹೆಚ್ಚಿನ ಮಾದರಿಗಳ ಮಿತಿ 13.6 ಕೆ.ಜಿ. ತೂಕ ಅಥವಾ 89 ಸೆಂ.ಮೀ. ಎತ್ತರ. ಆ ಅಳತೆ ಮುಟ್ಟುವ ಮೊದಲೇ ಮಗು ಒಂದು ಕಾಲನ್ನು ಮೇಲಂಚಿಗೆ ಹಾಕಲು ಯತ್ನಿಸಿದರೆ ತೊಟ್ಟಿಲನ್ನು ಅಂದೇ ಮಡಚಿಡಿ. ಅಲ್ಲಿಂದ ಮುಂದೆ ಊರಿಗೆ ಹೋದಾಗ ಅಜ್ಜಿಮನೆಯ ನೆಲದ ಮೇಲೆ ಹಾಸಿದ ತೆಳು ಹಾಸಿಗೆಯೇ ಅದಕ್ಕೆ ಸರಿಯಾದ ಜಾಗ.