ಹಳೇ ಗಾಯದ ಕಲೆಗೆ ಸರ್ಜರಿ ಮಾಡಿಸುವ ಮುಂಚೆ

ಮೊದಲೇ ಹೇಳಿಬಿಡುತ್ತೇನೆ, ಸರ್ಜರಿಯಿಂದ ಕಲೆ ಪೂರ್ತಿ ಮಾಯವಾಗುವುದಿಲ್ಲ. ಅಗಲವಾದ ಹಳೇ ಕಲೆಯನ್ನು ಕತ್ತರಿಸಿ, ಅಲ್ಲಿ ತೆಳುವಾದ ಹೊಸ ಕಲೆ ಬರುವ ಹಾಗೆ ಹೊಲಿಯುತ್ತಾರೆ, ಅಷ್ಟೇ.

ಬೈಕಿನಿಂದ ಬಿದ್ದು ಎರಡು ತಿಂಗಳಾಗಿದ್ದರೆ ಸುಮ್ನೆ ಕಾಯಿರಿ. ಕಲೆ ಮಾಗುವುದಕ್ಕೆ ವರ್ಷ, ಒಂದೂವರೆ ವರ್ಷ ಬೇಕು, ಎಷ್ಟೋ ಕಲೆ ಅಷ್ಟರಲ್ಲಿ ತಾನೇ ತಿಳಿಯಾಗುತ್ತದೆ. ಆದರೆ ಸುಟ್ಟ ಗಾಯ ಒಣಗಿ ಕೈ, ಕುತ್ತಿಗೆ ಅಥವಾ ಕಣ್ಣಿನ ರೆಪ್ಪೆ ಎಳೆದುಕೊಳ್ಳುತ್ತಿದ್ದರೆ ಕಾಯಬೇಡಿ, ಬೇಗ ತೋರಿಸಿ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಪ್ಲಾಸ್ಟಿಕ್ ಸರ್ಜನ್ ಯಾವ ದಿನ ಸಿಗುತ್ತಾರೆ ಅಂತ ಮೊದಲೇ ವಿಚಾರಿಸಿ ಹೋಗಿ.

ಅಲ್ಲಿ ಕೇಳಲೇಬೇಕಾದ ಪ್ರಶ್ನೆ: ಇದು ಕೀಲಾಯ್ಡಾ? ಕೀಲಾಯ್ಡ್ ಅಂದರೆ ಗಾಯದ ಗಡಿ ದಾಟಿ ಉಬ್ಬಿ ಬೆಳೆಯುವ ಕಲೆ. ಕಿವಿ ಚುಚ್ಚಿಸಿದ ಕಡೆ, ಎದೆ, ಭುಜದ ಮೇಲೆ ಜಾಸ್ತಿ. ಇದನ್ನು ಬರೀ ಕತ್ತರಿಸಿದರೆ ಮತ್ತೆ ಬರುತ್ತದೆ, ಕೆಲವು ಸಲ ಮೊದಲಿಗಿಂತ ದೊಡ್ಡದಾಗಿ! ಅದಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಕೊಡುತ್ತಾರೆ.

ಚರ್ಮದ ಮಡಿಕೆಗೆ ಅಡ್ಡವಾಗಿ ಎಳೆದ ಕಲೆಗೆ ಝಡ್-ಪ್ಲಾಸ್ಟಿ ಮಾಡುತ್ತಾರೆ. ಇಂಗ್ಲಿಷಿನ ಝಡ್ ಆಕಾರದಲ್ಲಿ ಕೊಯ್ದು, ಚರ್ಮದ ತುಂಡುಗಳನ್ನು ಅದಲುಬದಲು ಮಾಡಿ ಹೊಲಿದರೆ ಕಲೆಯ ದಿಕ್ಕು ಬದಲಾಗಿ ಬಿಗಿತ ಸಡಿಲವಾಗುತ್ತದೆ.

ಬೀಡಿ, ಸಿಗರೇಟು ವಾರಗಳ ಮೊದಲೇ ಬಿಡಿ, ಗಾಯ ಮಾಯುವುದು ತಡವಾಗುತ್ತದೆ. ಶುಗರ್ ಇದ್ದರೆ ಹೇಳಿ. ಮುಖದ ಹೊಲಿಗೆ ಸಾಮಾನ್ಯವಾಗಿ ವಾರದೊಳಗೆ ಬಿಚ್ಚುತ್ತಾರೆ. ಆಮೇಲೆ ಡಾಕ್ಟರು ಹೇಳಿದಷ್ಟು ದಿನ ಸಿಲಿಕೋನ್ ಜೆಲ್ ಹಚ್ಚಿ. ನಮ್ಮ ರಾಯಚೂರು ಬಿಸಿಲು ಗೊತ್ತಲ್ವಾ, ಹೊಸ ಕಲೆ ಕಪ್ಪಾಗಿಬಿಡುತ್ತದೆ, ಟವೆಲ್ಲೋ ಸೆರಗೋ ಮುಚ್ಚಿಕೊಂಡೇ ಹೊರಡಿ, ಸನ್‌ಸ್ಕ್ರೀನನ್ನೂ ಹಚ್ಚಿ.