ಓವನ್‌ನಲ್ಲಿ ಹಂದಿಯ ಪಕ್ಕೆಲುಬು: ಮೆತ್ತಗಾಗಲು ಒಂದು ಹದ, ಖಾರಕ್ಕೆ ಇನ್ನೊಂದು

ಹಂದಿಯ ಪಕ್ಕೆಲುಬನ್ನು ನಾನು ಮೊದಲ ಸಲ ಓವನ್‌ನಲ್ಲಿಟ್ಟಾಗ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 50 ನಿಮಿಷ ಬೇಯಿಸಿದ್ದೆ. ಹೊರಗಿನ ಮಸಾಲೆ ಕರಕಲಾಗಿತ್ತು. ಒಳಗಿನ ಮಾಂಸ ಎಲುಬನ್ನು ಬಿಡದೆ ಹಲ್ಲಿನ ನಡುವೆ ರಬ್ಬರಿನಂತೆ ಎಳೆದಾಡುತ್ತಿತ್ತು. ಅದು ಹಸಿಯಾಗಿರಲಿಲ್ಲ, ಪೂರ್ತಿ ಬೆಂದಿತ್ತು. ಬೇಯುವುದು ಬೇರೆ, ಮೆತ್ತಗಾಗುವುದು ಬೇರೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆ ಹೆದರಿಕೆಯಲ್ಲೇ ಎರಡನೆಯ ಸಲ ಮಾಂಸವನ್ನು ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಓವನ್‌ಗೆ ಹಾಕಿದೆ. ಮಾಂಸವೇನೋ ಮೆತ್ತಗಾಯಿತು, ಆದರೆ ಅದರ ರುಚಿಯಲ್ಲಿ ಅರ್ಧ ಪಾತ್ರೆಯ ನೀರಿಗೆ ಇಳಿದುಹೋಗಿತ್ತು, ಮೇಲೆ ಸವರಿದ ಖಾರ ಮಾಂಸದೊಡನೆ ಬೆರೆಯದೆ ಲೇಪದಂತೆ ಉಳಿದಿತ್ತು. ಈಗ ನಾನು ಅನುಸರಿಸುವ ಕ್ರಮ ಈ ಎರಡು ಸೋಲುಗಳ ನಂತರ ರೂಢಿಸಿಕೊಂಡದ್ದು.

ಹಂದಿಮಾಂಸದ ಇಡೀ ತುಂಡುಗಳು ಒಳಗೆ 63 ಡಿಗ್ರಿ ತಲುಪಿ ಮೂರು ನಿಮಿಷ ವಿರಮಿಸಿದರೆ ತಿನ್ನಲು ಸುರಕ್ಷಿತ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಆದರೆ ಪಕ್ಕೆಲುಬಿನ ಸುತ್ತ ಕೊಲಾಜನ್ ಎಂಬ ಗಟ್ಟಿ ನಾರು ಹೆಚ್ಚಾಗಿರುವುದರಿಂದ ಆ ಹಂತದಲ್ಲಿ ಅದನ್ನು ಅಗಿಯಲಾಗದು. ಸುಮಾರು 70 ಡಿಗ್ರಿ ದಾಟಿದ ಮೇಲೆ ಈ ನಾರು ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ, ಮತ್ತು ಆ ಜೆಲಟಿನ್ನೇ ಮಾಂಸಕ್ಕೆ ಆ ನುಣುಪನ್ನೂ ರಸವನ್ನೂ ಕೊಡುತ್ತದೆ. ಒಳಗಿನ ಕಾವು 90ರಿಂದ 95 ಡಿಗ್ರಿಗೆ ಏರುವವರೆಗೆ, ಅದೂ ಅವಸರವಿಲ್ಲದೆ ಏರುವವರೆಗೆ ಕಾಯುವುದೇ ಈ ಅಡುಗೆಯ ಮುಖ್ಯ ಕೆಲಸ. ಮಸಾಲೆಯಲ್ಲಿ ಎಷ್ಟು ಹೊತ್ತು ನೆನೆಸಿಟ್ಟರೂ ಈ ಕಾಯುವಿಕೆ ತಪ್ಪುವುದಿಲ್ಲ.

ಬೆನ್ನುಮೂಳೆಯ ಬದಿಯ ಪಕ್ಕೆಲುಬು ಚಿಕ್ಕದು, ಬೇಗ ಹದಕ್ಕೆ ಬರುತ್ತದೆ. ಹೊಟ್ಟೆಯ ಬದಿಯದು ಅಗಲವಾಗಿದ್ದು ಕೊಬ್ಬು ಹೆಚ್ಚು, ಸಮಯವೂ ಹೆಚ್ಚು ಬೇಕು. ಖಾರದ ಅಡುಗೆಗೆ ನನಗೆ ಎರಡನೆಯದೇ ಇಷ್ಟ, ಏಕೆಂದರೆ ಮೆಣಸಿನಕಾಯಿಯ ಖಾರ ಕೊಬ್ಬಿನಲ್ಲಿ ಕರಗುವಂಥದ್ದು. ಯಾವುದನ್ನೇ ತಂದರೂ ಮೊದಲು ಎಲುಬಿನ ಬದಿಯಲ್ಲಿರುವ ತೆಳುವಾದ ಬಿಳಿ ಪೊರೆಯನ್ನು ತೆಗೆಯಬೇಕು. ಅದು ಬೆಂದಾಗ ಒಣ ತೊಗಲಿನಂತಾಗುತ್ತದೆ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ತುದಿಯ ಎಲುಬಿನ ಮೇಲೆ ಮೊಂಡು ಚಾಕುವನ್ನು ಪೊರೆಯ ಕೆಳಗೆ ತೂರಿಸಿ, ಒಂದು ಬೆರಳು ಹಿಡಿಯುವಷ್ಟು ಎಬ್ಬಿಸಿಕೊಂಡು, ಕಾಗದದ ಕರವಸ್ತ್ರದಿಂದ ಹಿಡಿದು ಎಳೆಯುತ್ತೇನೆ. ಬರಿಗೈಗೆ ಅದು ಜಾರುತ್ತದೆ; ಕಾಗದದಿಂದ ಹಿಡಿದರೆ ಹಲವು ಸಲ ಹಾಳೆ ಸುಲಿದಂತೆ ಒಂದೇ ಎಳೆತಕ್ಕೆ ಬಂದುಬಿಡುತ್ತದೆ.

ಒಂದು ಕಿಲೋ ಪಕ್ಕೆಲುಬಿಗೆ ನಾನು ಹಾಕುವುದು 12 ಗ್ರಾಂ ಉಪ್ಪು, ಎರಡು ಚಮಚ ಮೆಣಸಿನ ಪುಡಿ, ಒಂದು ಚಮಚ ಒರಟಾಗಿ ಕುಟ್ಟಿದ ಕಾಳುಮೆಣಸು, ಒಂದು ಚಮಚ ಒಣ ಬೆಳ್ಳುಳ್ಳಿ ಪುಡಿ, ಅರ್ಧ ಚಮಚ ಜೀರಿಗೆ ಪುಡಿ, ಒಂದೂವರೆ ಚಮಚ ಕಂದು ಸಕ್ಕರೆ. ಉಪ್ಪನ್ನು ತೂಕ ಮಾಡಿಯೇ ಹಾಕುತ್ತೇನೆ, ಉಳಿದವು ಕೈಯಳತೆಯಲ್ಲಿ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಹಸಿ ಬೆಳ್ಳುಳ್ಳಿಯನ್ನು ಈ ಹಂತದಲ್ಲಿ ಬಳಸುವುದಿಲ್ಲ. ಕೊನೆಯ ಕಾವಿಗೆ ಅದು ಸುಟ್ಟು ಕಹಿಯಾಗುತ್ತದೆ. ಮಾಂಸವನ್ನು ಒರೆಸಿ, ಮಸಾಲೆಯನ್ನು ಎರಡೂ ಬದಿಗೆ ಒತ್ತಿ ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡುತ್ತೇನೆ. ರಾತ್ರಿಯಿಡೀ ಮಾಂಸದೊಳಕ್ಕೆ ಇಳಿಯುವುದು ಮುಖ್ಯವಾಗಿ ಉಪ್ಪು. ಮೆಣಸಿನ ಪುಡಿ, ಜೀರಿಗೆಗಳು ಹೆಚ್ಚುಕಡಿಮೆ ಮೇಲ್ಮೈಯಲ್ಲೇ ನಿಲ್ಲುತ್ತವೆ. ಹಾಗಾಗಿ ಇಲ್ಲಿ ಖಾರವನ್ನು ಸುರಿದು ಪ್ರಯೋಜನವಿಲ್ಲ, ಅದರ ಸರದಿ ಮುಂದೆ ಬರುತ್ತದೆ.

ಮರುದಿನ ಮಾಂಸವನ್ನು ಬೇಕಿಂಗ್ ಕಾಗದದಲ್ಲಿ ಒಮ್ಮೆ ಸುತ್ತಿ, ಅದರ ಮೇಲೆ ಅಲ್ಯುಮಿನಿಯಂ ಫಾಯಿಲ್ ಅನ್ನು ಎರಡು ಪದರ ಬಿಗಿಯಾಗಿ ಸುತ್ತುತ್ತೇನೆ. ಕಾಗದ ಏಕೆಂದರೆ, ನಾನು ಸುತ್ತುವ ಮೊದಲು ಎರಡು ಚಮಚ ವಿನೆಗರ್ ಚಿಮುಕಿಸುವುದುಂಟು, ಉಪ್ಪೂ ಹುಳಿಯೂ ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ. ಫಾಯಿಲ್‌ನ ಹೊಳೆಯುವ ಬದಿ ಒಳಗಿರಬೇಕೋ ಹೊರಗಿರಬೇಕೋ ಎಂದು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ, ವ್ಯತ್ಯಾಸವಾಗುವುದಿಲ್ಲ. ತೆರೆದಿಟ್ಟು ಬೇಯಿಸಿದರೆ ಮಾಂಸದ ಮೇಲಿನ ತೇವ ಆವಿಯಾಗುತ್ತ ಅದನ್ನು ತಂಪಾಗಿಸುತ್ತಲೇ ಇರುತ್ತದೆ, ಒಳಗಿನ ಕಾವು 70ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕದಲದೆ ನಿಂತುಬಿಡುವುದೂ ಉಂಟು. ಸುತ್ತಿದರೆ ಆವಿ ಒಳಗೇ ಉಳಿದು ಆ ತಡೆ ಇರುವುದಿಲ್ಲ.

ಓವನ್ ಅನ್ನು 135 ಡಿಗ್ರಿಗೆ ಇಡುತ್ತೇನೆ. ಈ ಅಂಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂರನೆಯ ಪ್ರಯತ್ನದಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಎರಡು ಗಂಟೆಗೇ ಮಾಂಸ ಕುಸಿದು ಎಳೆಎಳೆಯಾಗಿತ್ತು, ಅಂಚುಗಳು ಒಣಗಿದ್ದವು. ಕಾರಣ ತಿಳಿಯದೆ, ಕಂಬಿಗೆ ತೂಗುಹಾಕುವ ಒಂದು ಚಿಕ್ಕ ಥರ್ಮಾಮೀಟರ್ ತಂದು ಒಳಗಿಟ್ಟು ನೋಡಿದೆ: ಗುಂಡಿಯ ಮುಳ್ಳು 135 ತೋರಿಸುತ್ತಿದ್ದಾಗ ಒಳಗಿನ ಕಾವು 160 ಇತ್ತು. ಅಂದಿನಿಂದ ಗುಂಡಿಯನ್ನು 110ರ ಹತ್ತಿರ ನಿಲ್ಲಿಸಿ 135 ಪಡೆಯುತ್ತೇನೆ. ಮನೆಯ ಓವನ್‌ಗಳಲ್ಲಿ ಇಂಥ ಅಂತರ ಅಪರೂಪವಲ್ಲ. ಮಸಾಲೆಯ ಪ್ರಮಾಣವನ್ನು ತಿದ್ದುವ ಮೊದಲು ಓವನ್‌ನ ಕಾವನ್ನು ಅಳೆದು ನೋಡುವುದು ಒಳ್ಳೆಯದು.

ಬೆನ್ನಿನ ಬದಿಯದಾದರೆ ಎರಡರಿಂದ ಎರಡೂವರೆ ಗಂಟೆ, ಹೊಟ್ಟೆಯ ಬದಿಯದಾದರೆ ಮೂರರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ಆದರೂ ನಾನು ಗಡಿಯಾರಕ್ಕಿಂತ ಕಡ್ಡಿಯನ್ನು ನಂಬುತ್ತೇನೆ. ಪೊಟ್ಟಣದ ಒಂದು ತುದಿಯನ್ನು ಬಿಚ್ಚಿ, ಬಿಸಿ ಆವಿ ಮುಖಕ್ಕೆ ಹೊಡೆಯದಂತೆ ಹಿಂದೆ ಸರಿದು, ಎರಡು ಎಲುಬುಗಳ ನಡುವಿನ ಮಾಂಸಕ್ಕೆ ಹಲ್ಲುಕಡ್ಡಿ ಚುಚ್ಚುತ್ತೇನೆ. ಕಡ್ಡಿ ತಡೆಯಿಲ್ಲದೆ ಇಳಿಯಬೇಕು, ಎಲುಬಿನ ತುದಿ ಒಂದು ಸೆಂಟಿಮೀಟರ್‌ನಷ್ಟು ಹೊರಗೆ ಇಣುಕಿರಬೇಕು. ಎಲುಬು ತಾನಾಗಿ ಕಳಚಿ ಬೀಳುವಷ್ಟು ಬೇಯಿಸುವುದನ್ನು ಹಲವರು ಮೆಚ್ಚುತ್ತಾರೆ. ನನ್ನ ಲೆಕ್ಕದಲ್ಲಿ ಅದು ಹದ ಮೀರಿದ್ದು. ಕಚ್ಚಿದಲ್ಲಿ ಮಾತ್ರ ಮಾಂಸ ಬಿಟ್ಟು, ಪಕ್ಕದ್ದು ಎಲುಬಿಗೇ ನಿಂತಿರಬೇಕು.

ಇಷ್ಟು ಹೊತ್ತಿಗೆ ಪೊಟ್ಟಣದಲ್ಲಿ ಒಂದು ಲೋಟದಷ್ಟು ರಸ ಇಳಿದಿರುತ್ತದೆ. ಅದನ್ನು ಚೆಲ್ಲುವುದು ದೊಡ್ಡ ನಷ್ಟ. ರಸವನ್ನು ಬಾಣಲೆಗೆ ಬಗ್ಗಿಸಿ, ಮೇಲೆ ತೇಲುವ ಕೊಬ್ಬಿನಲ್ಲಿ ಒಂದು ಚಮಚ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದು, ಆ ಕೊಬ್ಬಿನಲ್ಲೇ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಎರಡು ಚಮಚ ಮೆಣಸಿನ ಪುಡಿಯನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಬಾಡಿಸುತ್ತೇನೆ. ಕೊಬ್ಬು ಕೆಂಪಾಗಿ ಘಾಟು ಮೂಗಿಗೆ ತಟ್ಟಿದಾಗ ರಸ, ಮೂರು ಚಮಚ ಟೊಮೆಟೊ ತಿರುಳು, ಎರಡು ಚಮಚ ವಿನೆಗರ್, ಎರಡು ಚಮಚ ಜೇನು ಸೇರಿಸಿ, ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿಯಾಗಿಸುತ್ತೇನೆ. ಉಪ್ಪನ್ನು ಮತ್ತೆ ಹಾಕಬಾರದು, ರಸದಲ್ಲಿ ಬೇಕಾದಷ್ಟಿದೆ. ನಾಲಿಗೆಗೆ ತಟ್ಟುವ ಖಾರ ಬರುವುದು ಇದರಿಂದಲೇ. ಮೂರು ಗಂಟೆ ಬೆಂದ ಮೊದಲ ಮೆಣಸಿನ ಪುಡಿಯಲ್ಲಿ ಉರಿ ಉಳಿದರೂ ಪರಿಮಳ ಮಂಕಾಗಿರುತ್ತದೆ.

ಇನ್ನು ಮಾಂಸವನ್ನು ಜಾಲರಿಯ ಮೇಲೆ ಮಾಂಸದ ಬದಿ ಮೇಲಾಗಿ ಇಟ್ಟು, ಈ ಸಾರವನ್ನು ಬ್ರಷ್‌ನಿಂದ ತೆಳ್ಳಗೆ ಬಳಿದು, ಮೇಲಿನ ಗ್ರಿಲ್ ಕಂಬಿಯಿಂದ ಒಂದು ಗೇಣಿನಷ್ಟು ಕೆಳಗೆ ಇಡುತ್ತೇನೆ. ಎರಡು ಮೂರು ನಿಮಿಷಕ್ಕೆ ಗುಳ್ಳೆ ಎದ್ದು ಹೊಳಪು ಬರುತ್ತದೆ. ಹೊರತೆಗೆದು ಮತ್ತೆ ಬಳಿದು ಮತ್ತೆ ಇಡುತ್ತೇನೆ, ಹೀಗೆ ಮೂರು ಸಲ. ಜೇನೂ ಸಕ್ಕರೆಯೂ ಇರುವುದರಿಂದ ಕಂದು ಬಣ್ಣದಿಂದ ಕರಿಗೆ ಹೋಗಲು ಅರ್ಧ ನಿಮಿಷ ಸಾಕು. ಒಮ್ಮೆ ಫೋನ್ ಬಂತೆಂದು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಮೂರು ಗಂಟೆಯ ಕೆಲಸ ಹೊಗೆಯಾಗಿತ್ತು. ಈಗ ಆ ಹೊತ್ತಿನಲ್ಲಿ ಓವನ್‌ನ ಮುಂದಿನಿಂದ ಕದಲುವುದಿಲ್ಲ.

ಹತ್ತು ನಿಮಿಷ ಬಿಟ್ಟು, ಎಲುಬಿನ ಬದಿಯನ್ನು ಮೇಲೆ ಮಾಡಿ ಕತ್ತರಿಸಿದರೆ ಚಾಕು ಎಲ್ಲಿ ಇಳಿಯಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಎಲುಬಿನ ಅಂಚಿನಲ್ಲಿ ಮಾಂಸ ನಸುಗೆಂಪಾಗಿ ಕಂಡರೆ ಬೆಂದಿಲ್ಲವೆಂದು ಮತ್ತೆ ಓವನ್‌ಗೆ ತಳ್ಳಬೇಕಾಗಿಲ್ಲ. ಅದು ಎಲುಬಿನ ಮಜ್ಜೆಯಿಂದ ಇಳಿದ ಬಣ್ಣ. ನಾನು ಮೊದಲೆರಡು ಸಲ ತಳ್ಳಿದ್ದೆ, ಒಣಗಿದ್ದನ್ನು ತಿಂದೆ.