ಮೊದಲು ಸ್ಪೆಕ್, ಆಮೇಲೆ ಕೋಡ್: ಕನೆಕ್ಷಿಯನ್‌ನಲ್ಲಿ ಎಪಿಐ ಕಟ್ಟುವುದು ಹೇಗೆ

ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ. ಅದರ ಡಾಕ್ಯುಮೆಂಟೇಶನ್ ಒಂದು ಹೇಳುತ್ತೆ, ಸರ್ವರ್ ಇನ್ನೊಂದು ಮಾಡುತ್ತೆ. ಈ ತಾಪತ್ರಯ ಎಲ್ಲ ಟೀಮಿನಲ್ಲೂ ಇದ್ದದ್ದೇ ಅಲ್ವಾ? ಪೈಥಾನ್ ಗೊತ್ತಿದ್ದವರಿಗೆ ಇದಕ್ಕೊಂದು ಒಳ್ಳೆ ದಾರಿ ಇದೆ. ಅದು ಕನೆಕ್ಷಿಯನ್, ಜರ್ಮನಿಯ ಜಲಾಂಡೋ ಕಂಪನಿಯಲ್ಲಿ ಹುಟ್ಟಿದ ಓಪನ್ ಸೋರ್ಸ್ ಫ್ರೇಮ್‌ವರ್ಕ್. ಇಲ್ಲಿ ಓಪನ್‌ಎಪಿಐ ಸ್ಪೆಕ್ಕನ್ನೇ (ಎಪಿಐ ಏನು ತಗೊಳ್ಳುತ್ತೆ, ಏನು ಕೊಡುತ್ತೆ ಅಂತ ಒಂದು ಸ್ಟ್ಯಾಂಡರ್ಡ್ ರೂಪದಲ್ಲಿ ಬರೆದ ಫೈಲನ್ನು) ಮೊದಲು ಬರೀತೀರಿ, ಸರ್ವರ್ ಅದನ್ನೇ ಓದಿ ನಡೆಯುತ್ತೆ.

ಪಿಪ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಯುವಿಕಾರ್ನ್ (ಸರ್ವರ್ ಓಡಿಸೋಕೆ) ಮತ್ತು ಸ್ವಾಗರ್ ಯುಐ (ಡಾಕ್ಯುಮೆಂಟೇಶನ್ ಪುಟ ತೋರಿಸೋಕೆ) ಎಕ್ಸ್‌ಟ್ರಾಗಳನ್ನೂ ಸೇರಿಸಿಕೊಳ್ಳಿ. 2023ರಲ್ಲಿ ಬಂದ 3ನೇ ಆವೃತ್ತಿಯಲ್ಲಿ ಒಳಗಿನ ರಚನೆ ತುಂಬಾ ಬದಲಾಗಿದೆ, ಹಾಗಾಗಿ ಹಳೇ ಟ್ಯುಟೋರಿಯಲ್ ನೋಡಿ ಕಾಪಿ ಮಾಡಬೇಡಿ. ಹೊಸ ಪ್ರಾಜೆಕ್ಟ್ ಆದರೆ ಕನೆಕ್ಷಿಯನ್‌ನ ಅಸಿಂಕ್‌ಆಪ್ (AsyncApp) ಕ್ಲಾಸ್ ಬಳಸಿ.

ಈಗ ಸ್ಪೆಕ್. ಒಂದು ಲೈಬ್ರರಿಯ ಪುಸ್ತಕಗಳ ಎಪಿಐ ಅಂದುಕೊಳ್ಳಿ. ಯಾಮಲ್ (YAML) ಫೈಲಿನಲ್ಲಿ ಪಾತ್, ಅಂದರೆ ಅಡ್ರೆಸ್ಸಿನಲ್ಲಿ ಸರ್ವರ್ ಹೆಸರಿನ ನಂತರದ ಭಾಗ, ಬರೆದು, ಅದರಲ್ಲಿ ಬರುವ ಐಡಿ ಇಂಟಿಜರ್ ಅಂತ ಹೇಳಿ. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಆಮೇಲೆ ಬರುವುದೇ ಮುಖ್ಯವಾದ ಸಾಲು, ಯಾವ ಫಂಕ್ಷನ್ ಓಡಬೇಕು ಅಂತ ಹೇಳುವ ಆಪರೇಷನ್‌ಐಡಿ (operationId). ನಿಮ್ಮ ಪೈಥಾನ್ ಫೈಲಿನ ಹೆಸರು ಬುಕ್ಸ್, ಫಂಕ್ಷನ್ ಹೆಸರು ಫೈಂಡ್ ಆದರೆ, ಎರಡರ ಮಧ್ಯೆ ಚುಕ್ಕಿ ಇಟ್ಟು ಅಲ್ಲಿ books.find ಅಂತ ಬರೆಯಿರಿ. ಅಷ್ಟೇ, ರೂಟ್ (ಯಾವ ಪಾತ್‌ಗೆ ಯಾವ ಫಂಕ್ಷನ್ ಅನ್ನೋ ಜೋಡಣೆ) ಸೇರಿಸೋಕೆ ಬೇರೆ ಕೋಡ್ ಬೇಡ. ಪಾತ್‌ನಲ್ಲಿರುವ ಹೆಸರೇ ಫಂಕ್ಷನ್ನಿನ ಆರ್ಗ್ಯುಮೆಂಟಿಗೂ ಇರಲಿ. ಪೋಸ್ಟ್ (POST) ರಿಕ್ವೆಸ್ಟಿನಲ್ಲಿ ಬಂದ ಜೇಸನ್ (JSON) ಡೇಟಾ ನಿಮ್ಮ ಫಂಕ್ಷನ್ನಿಗೆ body ಅನ್ನೋ ಹೆಸರಿನ ಆರ್ಗ್ಯುಮೆಂಟಿನಲ್ಲಿ ಸಿಗುತ್ತೆ.

ನನಗೆ ತುಂಬಾ ಇಷ್ಟವಾಗುವುದು ತಪಾಸಣೆ. ಸ್ಕೀಮಾದಲ್ಲಿ, ಅಂದರೆ ಡೇಟಾ ಹೇಗಿರಬೇಕು ಅಂತ ಹೇಳುವ ಸ್ಪೆಕ್ಕಿನ ಭಾಗದಲ್ಲಿ, ಟೈಟಲ್ ಕಡ್ಡಾಯ ಅಂತ ಬರೆದಿದ್ದರೆ, ಅದಿಲ್ಲದೆ ಬಂದ ರಿಕ್ವೆಸ್ಟ್ ನಿಮ್ಮ ಫಂಕ್ಷನ್ನಿನ ತನಕ ಬರೋದೇ ಇಲ್ಲ, ಯಾವ ಫೀಲ್ಡ್ ಇಲ್ಲ ಅನ್ನೋ ವಿವರದ ಜೊತೆ 400 (ರಿಕ್ವೆಸ್ಟ್ ಸರಿಯಿಲ್ಲ ಅನ್ನೋ ಎರರ್ ಕೋಡ್) ವಾಪಸ್ ಹೋಗುತ್ತೆ. ಐಡಿ ಜಾಗದಲ್ಲಿ ಅಕ್ಷರ ಹಾಕಿದರೆ ಮಾತ್ರ 404 (ಸಿಗಲಿಲ್ಲ) ಬರುತ್ತೆ, ಯಾಕೆಂದರೆ ಆ ಪಾತ್ ರೂಟಿಗೇ ಹೊಂದಲ್ಲ. ಗಾಬರಿ ಬೇಡ. ಸ್ಪೆಕ್ಕಿನಲ್ಲಿ ಇಲ್ಲದ ಕ್ವೆರಿ ಪ್ಯಾರಾಮೀಟರ್‌ಗಳನ್ನೂ ತಡೀಬೇಕು ಅಂದರೆ ಪೈಥಾನ್ ಕೋಡಿನಲ್ಲಿ ಆಪ್‌ಗೆ ಸ್ಪೆಕ್ ಸೇರಿಸುವಾಗ ಸ್ಟ್ರಿಕ್ಟ್ ವ್ಯಾಲಿಡೇಶನ್ ಆನ್ ಮಾಡಿ. ಬಾಡಿಯಲ್ಲಿ ಹೆಚ್ಚುವರಿ ಫೀಲ್ಡ್ ಬೇಡ ಅಂದರೆ ಅದನ್ನು ಸ್ಕೀಮಾದಲ್ಲೇ ಹೇಳಬೇಕು, ಅಡಿಷನಲ್ ಪ್ರಾಪರ್ಟೀಸ್ ಫಾಲ್ಸ್ ಅಂತ.

ರೆಸ್ಪಾನ್ಸ್ ವ್ಯಾಲಿಡೇಶನ್, ಅಂದರೆ ನಿಮ್ಮ ಸರ್ವರ್ ಕಳಿಸುವ ಉತ್ತರದ ತಪಾಸಣೆ, ಡೀಫಾಲ್ಟ್ ಆಗಿ ಆಫ್ ಇರುತ್ತೆ. ಡೆವಲಪ್‌ಮೆಂಟ್‌ನಲ್ಲಿ ದಯವಿಟ್ಟು ಆನ್ ಮಾಡಿ. ನೀವೇ ಸ್ಪೆಕ್ ಮುರಿದರೆ 500 (ಸರ್ವರ್ ಎರರ್) ಬಂದು ತಕ್ಷಣ ಗೊತ್ತಾಗುತ್ತೆ, ಇಲ್ಲದಿದ್ದರೆ ಅದನ್ನು ನಿಮ್ಮ ಎಪಿಐ ಬಳಸುವವರು ಕಂಡುಹಿಡೀಬೇಕಾಗುತ್ತೆ.

ಸರ್ವರ್ ಓಡಿಸಿ, ಅಡ್ರೆಸ್ಸಿನ ಕೊನೆಗೆ ಸ್ಲ್ಯಾಶ್ ಯುಐ ಹಾಕಿದರೆ ಡಾಕ್ಯುಮೆಂಟೇಶನ್ ತೆರೆಯುತ್ತೆ, ಅಲ್ಲೇ ರಿಕ್ವೆಸ್ಟ್ ಕಳಿಸಿ ನೋಡಬಹುದು. ಫ್ರಂಟ್‌ಎಂಡ್‌ನವರು ಕಾಯ್ತಾ ಇದ್ದರೆ, ಸ್ಪೆಕ್ಕಿನಲ್ಲಿ ಉದಾಹರಣೆಗಳನ್ನು ಬರೆದು ಕಮ್ಯಾಂಡ್ ಲೈನಿನಲ್ಲಿ ಮಾಕ್ ಮೋಡ್ (ಆ ಉದಾಹರಣೆಗಳನ್ನೇ ಉತ್ತರವಾಗಿ ಕೊಡುವ ಮೋಡ್) ಹಾಕಿ ಕೊಡಿ. ಒಂದು ಸಾಲು ಪೈಥಾನ್ ಬರೆಯುವ ಮೊದಲೇ ಅವರ ಕೆಲಸ ಶುರುವಾಗುತ್ತೆ.